ಎರಡು ಪ್ರೊಸೆಸರಿನ ಮದುವೆ

ಮದುವೆ ವಿಡಿಯೊ ಎಡಿಟ್ ಮಾಡುವ ತಿಪ್ಪೇಶಿ, ಹೊಸ ಕಂಪ್ಯೂಟರಿಗೆ ಎರಡು ಪ್ರೊಸೆಸರ್ ಬೇಕೇ ಬೇಕೆಂದು ಪಟ್ಟು ಹಿಡಿದ.

"ಒಂದೇ ಸಾಕು ಸಾರ್, ಎರಡು ದಂಡ," ಎಂದ ಕಂಪ್ಯೂಟರ್ ಅಂಗಡಿಯ ಫಣಿರಾಜ.

"ಹಳೇದು ಒಂದು ಮದುವೆ ಮುಗಿಸೋಕೆ ಆರು ಗಂಟೆ ತಗೊಳ್ಳುತ್ತೆ ಕಣ್ರೀ. ಎರಡು ಹಾಕಿ!"

ಹಾಕಿದ್ದಾಯಿತು. ಮೊದಲ ಮದುವೆ ಅರ್ಧ ಗಂಟೆಯಲ್ಲಿ ತಯಾರಾಯಿತು. ನೋಡಲು ಬಂದ ಹುಡುಗಿಯ ಸೋದರಮಾವ, "ನಾನು ಅಕ್ಷತೆ ಹಾಕಿದ್ದೇ ಇಲ್ವಲ್ರೀ, ಸೇರಿಸಿ," ಎಂದರು. ಮುಂಚೆಯಾಗಿದ್ದರೆ ತಿಪ್ಪೇಶಿ "ಇನ್ನೂ ಆರು ಗಂಟೆ ಕಾಯ್ಬೇಕು" ಅನ್ನುತ್ತಿದ್ದ, ಅವರು "ಹೋಗ್ಲಿ ಬಿಡಿ" ಎಂದು ಎದ್ದು ಹೋಗುತ್ತಿದ್ದರು. ಈಗ ಕೂತೇ ಬಿಟ್ಟರು. ಅದನ್ನು ಸೇರಿಸಿದ್ದು ಕಂಡು ಹುಡುಗನ ಸೋದರತ್ತೆಗೆ ಉರಿಯಿತು. "ಹಾಗಾದ್ರೆ ನಾನು ಆರತಿ ಎತ್ತಿದ್ದು?"

ಮೂರನೇ ದಿನ ಎರಡೂ ಕಡೆಯವರು ಬುತ್ತಿ ಕಟ್ಟಿಕೊಂಡೇ ಬಂದರು.

ತಿಪ್ಪೇಶಿ ಫಣಿರಾಜನಿಗೆ ಫೋನ್ ಮಾಡಿ ಗೋಗರೆದ. "ನೀವು ಹೇಳಿದ್ದೇ ಸರಿ ಸ್ವಾಮಿ, ಬಂದು ಒಂದನ್ನ ಕಿತ್ಕೊಂಡು ಹೋಗಿ!"

ಸ್ಕ್ರೂಡ್ರೈವರ್ ಹಿಡಿದು ಬಂದ ಫಣಿರಾಜ, ಪರದೆಯ ಮೇಲೆ ಓಡುತ್ತಿದ್ದ ಮದುವೆಯನ್ನು ನೋಡುತ್ತಾ ನಿಂತ. ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತ.

"ಆಮೇಲೆ ಕಿತ್ತರಾಯ್ತು ಸಾರ್. ಈ ಮದುವೆಗೆ ನಾನೂ ಹೋಗಿದ್ದೆ. ಉಡುಗೊರೆ ಕೊಟ್ಟು ಹೆಣ್ಣು-ಗಂಡಿನ ಪಕ್ಕದಲ್ಲೇ ನಿಂತಿದ್ದೆ. ನಾನೆಲ್ಲಿ?"