ಮಗಳ ಮಣಿ

ಡಿಪೋ ಕ್ಯಾಂಟೀನಿನಲ್ಲಿ ತಿಪ್ಪೇಸ್ವಾಮಿ ಎರಡನೇ ಇಡ್ಲಿ ನುಂಗಿ, ಉಳಿದ ಡ್ರೈವರುಗಳ ಹಾಗೆ ಎಡಗೈಯನ್ನು ಮೇಜಿನ ಮೇಲಿಟ್ಟ. ತಿಂದದ್ದು ಕರುಳಿಗಿಳಿದು ಮೇದೋಜೀರಕದಿಂದ ಹಾರ್ಮೋನು ಹೊರಟ ಕೂಡಲೇ ಕೈಗೆ ಕಟ್ಟಿದ ಬಿಳಿ ಮಣಿ ಹಸಿರಾಗಬೇಕು. ಹಸಿರಾದವರಿಗಷ್ಟೇ ಬಸ್ಸಿನ ಕೀಲಿ. ಆಗದವರು ದಾರಿಯಲ್ಲಿ ತಲೆಸುತ್ತಿ ಬೀಳಬಹುದೆಂದು ಮನೆಗೆ ಕಳಿಸಿಬಿಡುತ್ತಿದ್ದರು.

ಅವನ ಮೇದೋಜೀರಕ ಗ್ರಂಥಿ ಕೆಟ್ಟು ಮೂರು ವರ್ಷವಾಗಿತ್ತು. ಏನು ತಿಂದರೂ ಅವನ ಮಣಿ ಹಸಿರಾಗುತ್ತಿರಲಿಲ್ಲ. ಅದಕ್ಕೇ ಮಗಳು ಕೋಮಲಳ ಮಣಿ ಕಟ್ಟಿಕೊಂಡು ಬರುತ್ತಿದ್ದ. ಎಲ್ಲರಿಗೂ ಒಂದೊಂದು ಮಣಿ ಇರುತ್ತಿತ್ತು; ಅವಳದು ಯಾರ ಕೈಯಲ್ಲಿದ್ದರೂ ತನ್ನ ಒಡತಿಯ ಕರುಳಿಗೇ ಓಗೊಡುತ್ತಿತ್ತು. ಇಲ್ಲಿ ಅವನು ತಿನ್ನುವ ಹೊತ್ತಿಗೆ ಸರಿಯಾಗಿ ಅಲ್ಲಿ ಮನೆಯಲ್ಲಿ ಅವಳು ತಿನ್ನುತ್ತಿದ್ದಳು. ಒಂದು ದಿನವೂ ತಪ್ಪಿರಲಿಲ್ಲ.

ಇವತ್ತು ಕಾಲು ಗಂಟೆಯಾದರೂ ಮಣಿ ಬಿಳಿಯಾಗಿಯೇ ಇತ್ತು. ಪಕ್ಕದವರೆಲ್ಲ ಕೀಲಿ ತೆಗೆದುಕೊಂಡು ಎದ್ದುಹೋದರು.

"ಏನ್ ತಿಪ್ಪೇಸಿ, ಇನ್ನೂ ಆಗ್ಲಿಲ್ವಾ?" ಕೀಲಿಗೊಂಚಲು ಹಿಡಿದ ಮೇಲ್ವಿಚಾರಕ ಓಬಣ್ಣ ಕೇಳಿದ.

"ಕೈ ತೊಳ್ಕಂಡ್ ಬತ್ತೀನಿ, ತಡಿಯಣ್ಣ."

ನಲ್ಲಿ ತಿರುಗಿಸಿ, ನೀರಿನ ಸದ್ದಿನ ಮರೆಯಲ್ಲಿ ಮನೆಗೆ ಫೋನು ಮಾಡಿದ. ಮಗಳು ಮಲಗಿಬಿಟ್ಟಿದ್ದರೆ ಬೈಯಬೇಕೆಂದುಕೊಂಡಿದ್ದ.

"ಯಾಕವ್ವ, ಇನ್ನೂ ತಿಂದಿಲ್ವಾ?"

"ನಿನ್ ಟೈಮಿಗೇ ತಿಂದೆನಲ್ಲಪ್ಪ." ಕೋಮಲಳ ಉಸಿರು ಕಟ್ಟಿತು. "ಹೊಟ್ಟೆ ಮೇಲ್ಗಡೆ ಹಿಡ್ಕಂಡೈತೆ. ಬೆನ್ನಿಗೂ ಎಳೀತೈತೆ. ನಿಂಗೂ ಮೊದ್ಲು ಹಿಂಗೇ ಆಗ್ತಿತ್ತಲ್ವಾ?"

ನಲ್ಲಿ ನಿಲ್ಲಿಸುವುದನ್ನೂ ಮರೆತು ತಿಪ್ಪೇಸ್ವಾಮಿ ಹೊರಗೆ ಬಂದ. ಮಣಿ ಬಿಚ್ಚಿ ಓಬಣ್ಣನ ಅಂಗೈಯಲ್ಲಿಟ್ಟ.

"ಇದು ನಂದಲ್ಲಣ್ಣ, ನನ್ ಮಗಳ್ದು. ನನ್ ಕಣ್ಣಿಗೆ ಕಾಣ್ತಿಲ್ಲ. ಒಂಚೂರು ನೀನೇ ನೋಡಿ ಹೇಳು, ಎಲ್ಲಾದ್ರೂ ಹಸಿರೈತಾ?"