ಹೊಸ ಚಪ್ಪಲಿ

ಗುಂಡಿ ಮೇಡಂ ಹೊಸ ಅಂಗಡಿಯ ಬೀಗದ ಕೈಯನ್ನು ಮುಂದೆ ಚಾಚಿದರು. ಅಕ್ಕ ತೆಗೆದುಕೊಳ್ಳಲಿಲ್ಲ. ಎರಡೂ ಕೈಗಳನ್ನು ಇಸ್ತ್ರಿ ಮೇಜಿನ ಕೆಳಗೆ ಅಡಗಿಸಿದಳು.

"ಯಾಕೆ, ಕಚ್ಚತ್ತಾ ಇದು?" ಎಂದರು ಮೇಡಂ.

ಡ್ರೈಕ್ಲೀನಿಂಗ್ ಅಂಗಡಿಯ ಒಡತಿ ಅವರು. ಬಂದ ಕೋಟಿನ ಗುಂಡಿಗಳನ್ನೆಲ್ಲ ಮುಟ್ಟಿ ನೋಡದೆ ರಸೀದಿ ಹರಿಯುವವರಲ್ಲ. ಆ ಹೆಸರು ಬಂದದ್ದೇ ಹಾಗೆ. ಹಬೆ ಇಸ್ತ್ರಿಯ ಮುಂದೆ ನಿಲ್ಲುವವಳು ಅಲ್ಲಿ ಎಲ್ಲರಿಗೂ ಅಕ್ಕ. ಹೊಸ ಅಂಗಡಿಯನ್ನು ನಿನಗೇ ಒಪ್ಪಿಸಿಬಿಡುತ್ತೇನೆ ಎಂದು ಮೇಡಂ ಹೇಳುತ್ತಿರುವುದು ಇದು ಮೊದಲ ಸಲವಲ್ಲ. ಒಂದೇ ತೊಡಕು, ಕತ್ತಲಾದ ಮೇಲೂ ಅಲ್ಲಿರಬೇಕು. ಅಕ್ಕನಿಗೆ ಆಗದ ಮಾತು ಅದೊಂದೇ. ಬೀದಿ ದೀಪ ಹತ್ತುವ ಮುಂಚೆ ಅವಳು ಮನೆ ಸೇರಲೇಬೇಕು.

"ಗಂಡ ಇಲ್ಲ, ಮಕ್ಕಳಿಲ್ಲ, ಒಂದು ಬೆಕ್ಕೂ ಇಲ್ಲ. ಯಾರು ಕಾಯ್ತಿದ್ದಾರೆ ಅಂತ ದಿನಾ ಹೀಗೆ ಕಾಲಿಗೆ ಬುದ್ಧಿ ಹೇಳ್ತೀಯೋ ನಾ ಕಾಣೆ. ನಾಳೆ ಉತ್ತರ ಹೇಳು, ಇಲ್ದಿದ್ರೆ ಬೇರೆಯವರನ್ನ ನೋಡ್ಕೋತೀನಿ. ಈಗ ಬಂದು ಅಂಗಡಿ ಒಂದ್ಸಲ ನೋಡು, ಸಾಕು."

ಯಾರು ಕಾಯುತ್ತಾರೆಂದು ಅಕ್ಕ ಯಾವ ಬಾಯಲ್ಲಿ ಹೇಳಿಯಾಳು? ಎರಡು ಬಡಿತ, ಚೂರು ತಡೆದು ಇನ್ನೊಂದು. ಅದು ತಂಗಿಯ ಬಡಿತ. ಬದುಕಿನ ಕೊನೆಯ ಸಂಜೆಯೂ ಅವಳು ಬಾಗಿಲನ್ನು ಹಾಗೇ ಬಡಿದಿದ್ದಳು. ಅಕ್ಕ ಆಸೆಪಟ್ಟು ಕೊಂಡು, ಒಂದು ಸಲವೂ ಕಾಲಿಗೆ ಹಾಕದ ಚಪ್ಪಲಿಯನ್ನು ಹೇಳದೆ ಕೇಳದೆ ಮೆಟ್ಟಿಕೊಂಡು ಊರೆಲ್ಲ ಸುತ್ತಿ ಬಂದಿದ್ದಳು. ಅಕ್ಕನಿಗೆ ಮೈಯೆಲ್ಲ ಉರಿ. ಒಳಗಿನಿಂದ ಚಿಲಕ ಹಾಕಿ, ಹೊರಗೇ ಇರು, ಬುದ್ಧಿ ಬರಲಿ ಎಂದಳು. ಬಡಿತ ನಿಂತಿತು. ಸ್ವಲ್ಪ ಹೊತ್ತಿಗೆ ಕೆಳಗೆ ರಸ್ತೆಯಲ್ಲಿ ಲಾರಿಯ ಬ್ರೇಕು ಕಿರುಚಿತು. ಬಾಗಿಲು ತೆರೆದರೆ ಹೊಸ್ತಿಲಾಚೆ ಆ ಚಪ್ಪಲಿ ಜೋಡಿ, ಧೂಳು ಒರೆಸಿ, ಒಂದರ ಪಕ್ಕ ಒಂದು ಒಪ್ಪವಾಗಿ ಇಟ್ಟದ್ದು. ತಂಗಿ ಬರಿಗಾಲಲ್ಲೇ ಇಳಿದುಹೋಗಿದ್ದಳು.

ಅಂದಿನಿಂದ ಯಾವ ಸಂಜೆಯೂ ಬಡಿತ ತಪ್ಪಿಲ್ಲ. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಚೀಲ ಮೆಲ್ಲಗೆ ಅಲ್ಲಾಡುತ್ತದೆ. ಅಕ್ಕ ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಬಂದು ತೆರೆಯುತ್ತಾಳೆ. ಯಾರೂ ಇರುವುದಿಲ್ಲ. ಆದರೂ ಹೊಸ್ತಿಲ ತುಂಬ ನಿಂತು, ತೋಳು ಚಾಚಿ, ತಪ್ಪಾಯಿತು ಕಣೆ, ಒಳಗೆ ಬಾ ಎಂದು ಖಾಲಿ ಮೆಟ್ಟಿಲಿಗೆ ಹೇಳಿ, ಕಾದು, ಮತ್ತೆ ಚಿಲಕ ಹಾಕುತ್ತಾಳೆ. ಅಂದು ಅವಳು ಒಳಗೆ ತಂದ ಚಪ್ಪಲಿ ಗೋಡೆಯ ಪಕ್ಕ ಇಟ್ಟಲ್ಲೇ ಇದೆ. ಅದನ್ನು ಅವಳು ಹಾಕಿಕೊಂಡದ್ದಿಲ್ಲ, ಎಸೆದದ್ದೂ ಇಲ್ಲ, ಗುಡಿಸುವಾಗಲೂ ಅದರ ಸುತ್ತ ಪೊರಕೆ ಆಡಿಸುವುದಿಲ್ಲ.

ಹೊಸ ಅಂಗಡಿಯಲ್ಲಿ ಇನ್ನೂ ಬಣ್ಣದ ವಾಸನೆ. ಗಾಜಿನ ಕೌಂಟರಿನ ಮೇಲೆ ಕೈಯಾಡಿಸುವಾಗ ಅಕ್ಕನಿಗೆ ಆಸೆ ಹುಟ್ಟಿತು, ಆಸೆ ಹುಟ್ಟಿತಲ್ಲ ಎಂದು ನಾಚಿಕೆಯೂ ಆಯಿತು. ಆ ಗಾಜಿನೊಳಗೆ ಇದ್ದಕ್ಕಿದ್ದಂತೆ ಒಂದು ಹಳದಿ ಚುಕ್ಕೆ ಮೂಡಿತು. ತಿರುಗಿ ನೋಡಿದಳು. ಹೊರಗೆ ಬೀದಿ ದೀಪ ಹತ್ತಿತ್ತು.

ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಾಗ ಎದುರು ಮನೆಯ ಅಜ್ಜಿ ತನ್ನ ಬಾಗಿಲನ್ನು ಒಂಚೂರು ತೆರೆದು ಇಣುಕುತ್ತಿದ್ದಳು.

"ಎಲ್ಲಿ ಹೋಗಿದ್ಯೇ? ನಿಮ್ಮನೆ ಬಾಗಿಲು ಆಗ್ಲಿಂದ ಬಡೀತಾ ಇದೆ."

"ಗೊತ್ತಜ್ಜಿ. ಬಡೀತಿದ್ದೋರು ಕಾಣಿಸಿದ್ರಾ?"

"ಎಲ್ಲಿಂದ ಕಾಣಿಸ್ತಾರೆ? ಹೊರಗೆ ಒಂದು ನರಪಿಳ್ಳೆ ಇಲ್ಲ. ದಿನಾ ನೀನೇ ಏನೋ ಕುಟ್ತೀಯ ಅಂದ್ಕೊಂಡಿದ್ದೆ." ಅಜ್ಜಿ ದನಿ ತಗ್ಗಿಸಿದಳು. "ಯಾರನ್ನೋ ಒಳಗೆ ಕೂಡಿಹಾಕಿ, ಬೀಗ ಜಡ್ಕೊಂಡು ಹೋಗಿದ್ದೀಯಲ್ಲಮ್ಮ ನೀನು."

ಅಕ್ಕ ಬಾಗಿಲ ಮೇಲೆ ಅಂಗೈ ಇಟ್ಟಳು. ಎರಡು ಬಡಿತ, ಚೂರು ತಡೆದು ಇನ್ನೊಂದು. ಒಳಗಡೆಯಿಂದ ಯಾರೋ ಅವಳ ಅಂಗೈಗೇ ಬಡಿದಂತಿತ್ತು. ಇಷ್ಟು ದಿನ ಬಾಗಿಲು ತೆರೆದು ದಾರಿಗೆ ಅಡ್ಡ ನಿಂತವಳು ತಾನೇ ಎಂಬುದು ಮೊದಲು ಆ ಅಂಗೈಗೆ ತಿಳಿಯಿತು, ಮನಸ್ಸಿಗೆ ಆಮೇಲೆ.

ಬೀಗ ತೆಗೆದು ಬಾಗಿಲನ್ನು ಒಳಗೆ ತಳ್ಳಿದಳು. ತಾನು ಒಳಗೆ ಹೋಗಲಿಲ್ಲ. ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದ "ಬಾ" ಎಂಬ ಮಾತನ್ನು ನುಂಗಿಕೊಂಡು, ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಟ್ಟು ನಿಂತಳು.

"ಬರಿಗಾಲಲ್ಲಿ ಹೋಗ್ಬೇಡ ಕಣೆ. ಚಪ್ಪಲಿ ಹಾಕ್ಕೋ. ನಿಂಗೇ ಇರ್ಲಿ."

ಒಳಗಿನ ಕತ್ತಲೆಯಲ್ಲಿ ಏನೋ ಬಗ್ಗಿ ಎದ್ದಂತಾಯಿತು. ತಣ್ಣನೆಯದೊಂದು ಅವಳ ತೋಳು ಸವರಿಕೊಂಡು ದಾಟಿತು. ಆಮೇಲೆ ಹೊಸ ತೊಗಲು ಕಿರ್ ಕಿರ್ ಎನ್ನುತ್ತ ಮೆಟ್ಟಿಲಿಳಿಯಿತು, ಎಳೆಯರು ಇಳಿಯುವ ಹಾಗೆ, ಕೊನೆಯ ಎರಡು ಮೆಟ್ಟಿಲನ್ನು ಒಟ್ಟಿಗೇ ಹಾರಿ. ಅಜ್ಜಿಯ ಬಾಗಿಲು ಧಡ್ಡನೆ ಮುಚ್ಚಿಕೊಂಡಿತು.

ಬೆಳಗ್ಗೆ ನೋಡಿದರೆ ಗೋಡೆಯ ಪಕ್ಕದಲ್ಲಿ ಚಪ್ಪಲಿ ಇರಲಿಲ್ಲ. ಧೂಳಿನ ನಡುವೆ ಪಾದದ ಆಕಾರದ ಎರಡು ಶುಭ್ರ ಗುರುತುಗಳಿದ್ದವು. ಅಕ್ಕ ಪೊರಕೆ ತಂದು ಅಲ್ಲಿಯೂ ಗುಡಿಸಿದಳು.

ಅಂಗಡಿಗೆ ಹೋದವಳೇ ಬೀಗದ ಕೈಗೆ ತಾನಾಗಿ ಕೈ ನೀಡಿದಳು. ಗುಂಡಿ ಮೇಡಂ ಕೋಟಿನ ಗುಂಡಿ ಮುಟ್ಟುತ್ತಿದ್ದವರು ತಲೆಯೆತ್ತಿ, ಮತ್ತೆ ಸಂಜೆ ಮನೆಯಲ್ಲಿ ಕಾಯುವವರ ಗತಿಯೇನು ಎಂದು ಕುಟುಕಿದರು.

"ಮನೇಲಿ ಈಗ ಯಾರೂ ಇಲ್ಲ ಮೇಡಂ," ಎಂದಳು ಅಕ್ಕ.