ಎರಡು ಚಳಿಗಾಲದ ಗರಗಸ

“ಎರಡು ಚಳಿಗಾಲಕ್ಕೆ ಬಂದ್ರೆ ಸಾಕಪ್ಪ. ಆ ಅಗ್ಗದ್ದನ್ನೇ ಕಟ್ಟಿಕೊಡು.”

ತೊಕುಜಿ ಹಾಗೆಂದದ್ದು ಅಂಗಡಿಯ ಹಿರಾಯಾಮನಿಗೆ. ಎದೆ ಧಸಕ್ಕೆಂದದ್ದು ಹಿಂದೆ ನಿಂತಿದ್ದ ಹೆಂಡತಿ ಮಿನೆಗೆ.

ಮೇಜಿನ ಮೇಲೆ ಮರ ಕೊಯ್ಯುವ ಎರಡು ಯಂತ್ರಗರಗಸಗಳಿದ್ದವು. ಒಂದು ಮೂವತ್ತು ಸಾವಿರ ಯೆನ್‌ನದು. ಹಿಡಿ ಪ್ಲಾಸ್ಟಿಕ್, ಹೊಳಪು ಮಾತ್ರ ಮದುವಣಗಿತ್ತಿಯದು. ಇನ್ನೊಂದು ಅದರ ನಾಲ್ಕು ಪಟ್ಟು ಬೆಲೆಯದು. ಇಪ್ಪತ್ತು ವರ್ಷ ದುಡಿಸಿದರೂ ಜಗ್ಗದ್ದು. ತೊಕುಜಿ ಜುಗ್ಗನೇ ಹೌದು, ಆದರೆ ಹತಾರದ ವಿಷಯದಲ್ಲಿ ಅಲ್ಲ. ತೇಪೆ ಹಾಕಿದ ಅಂಗಿ ತೊಟ್ಟಾನು, ಕಳಪೆ ಕೊಡಲಿಯನ್ನು ಮುಟ್ಟುವವನಲ್ಲ. ಹೋದ ವಾರ ಕೆಟ್ಟು ನಿಂತ ಹಳೆಯ ಗರಗಸವನ್ನು ಹದಿನೆಂಟು ವರ್ಷ ದುಡಿಸಿದ್ದ. ಅಂಥವನ ಬಾಯಲ್ಲಿ ಎರಡು ಚಳಿಗಾಲದ ಮಾತು!

“ಏನಣ್ಣಾ, ಬೆಟ್ಟ ಬಿಟ್ಟು ಪೇಟೆ ಸೇರೋ ಯೋಚನೇನಾ?” ಹಿರಾಯಾಮ ನಕ್ಕ. “ನಿಮ್ಮನೇಲಿ ಅಡುಗೆಗೂ ಸೌದೆ, ಸ್ನಾನದ ನೀರಿಗೂ ಸೌದೆ. ಇದನ್ನ ಓಕ್ ಮರಕ್ಕೆ ಹಿಡಿದ್ರೆ ಇದರ ಹಲ್ಲೇ ಉದುರತ್ತೆ ಅಷ್ಟೆ.”

ತೊಕುಜಿ ನಗಲಿಲ್ಲ. “ಆಮೇಲೆ ಸೌದೆ ಯಾರಿಗೆ ಬೇಕು?” ಎಂದ.

ಮಿನೆಗೆ ಅನುಮಾನ ಹುಟ್ಟಿದ್ದು ಇವತ್ತಲ್ಲ. ವಸಂತದಲ್ಲಿ ಆಪರೇಷನ್ ಆಗಿ ವಾಸಿಯಾದ ಅವಳ ಹೊಟ್ಟೆಹುಣ್ಣಿಗೆ ಮಾತ್ರೆ ತರಲೆಂದು ತಿಂಗಳ ಹಿಂದೆ ಆಸ್ಪತ್ರೆಗೆ ಹೋದವನು ಹೊತ್ತು ಮೀರಿ ಬಂದಿದ್ದ. ದೊಡ್ಡ ಡಾಕ್ಟರು ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಅವನ ಜೊತೆ ಮಾತಾಡಿದರೆಂದು ಮೇಲಿನ ಕೇರಿಯ ನರ್ಸ್ ಬಾಯಿ ತಪ್ಪಿ ಹೇಳಿದ್ದಳು. ಅಂದಿನಿಂದ ತೊಕುಜಿ ಊಟ ಬಿಟ್ಟ. ಸಾಕೆ ಮದ್ಯವನ್ನೂ ಬಿಟ್ಟ. ಕೆಮ್ಮು ಮಾತ್ರ ಅವನನ್ನು ಬಿಡಲಿಲ್ಲ. ಬಚ್ಚಲಲ್ಲಿ ಒಬ್ಬನೇ ಬಿಕ್ಕುವುದು ಗೋಡೆಯಾಚೆ ಕೇಳುತ್ತಿತ್ತು. ಕೇಳಿದರೆ ಹೊಗೆ ಕಣ್ಣಿಗೆ ಹೋಯಿತು ಎನ್ನುತ್ತಿದ್ದ.

ಅದರ ಮೇಲೆ ಅಣಬೆಯ ವಿಷಯ ಬೇರೆ. ಎಲೆ ಉದುರುವ ಹೊತ್ತಿಗೆ ಓಕ್ ಮರ ಕಡಿದು ದಿಮ್ಮಿ ಮಾಡುವುದು, ವಸಂತ ಬಂದಾಗ ಅವನು ಅದಕ್ಕೆ ತೂತು ಕೊರೆಯುವುದು, ಅವಳು ತೂತಿಗೆ ಅಣಬೆಬೀಜದ ಗೂಟ ಬಡಿಯುವುದು. ಮೂವತ್ತೈದು ವರ್ಷದಿಂದ ಇಬ್ಬರೂ ಕೂಡಿ ಮಾಡಿದ ಕೆಲಸ ಅದು. ಬಡಿದ ಮೇಲೆ ಅಣಬೆ ಏಳಲು ಎರಡು ವರ್ಷ ಕಾಯಬೇಕು. “ಈ ಸಲ ಹೊಸ ದಿಮ್ಮಿ ಬೇಡ” ಎಂದುಬಿಟ್ಟಿದ್ದ ತೊಕುಜಿ. ಅದರ ಅರ್ಥ ತಿಳಿಯಲು ಮಿನೆಗೆ ಯಾವ ಶಾಲೆಯೂ ಬೇಕಿರಲಿಲ್ಲ.

ದುಃಖಕ್ಕಿಂತ ಮೊದಲು ಅವಳಿಗೆ ಬಂದದ್ದು ಸಿಟ್ಟು, ಅದೂ ಡಾಕ್ಟರ ಮೇಲೆ. ಇಂಥ ಸುದ್ದಿಯನ್ನು ಕಾಯಿಲೆಯವನ ಮುಖಕ್ಕೇ ಹೇಳುವ ಪದ್ಧತಿ ಎಲ್ಲಾದರೂ ಉಂಟೇ? ಮನೆಯವರನ್ನು ಕರೆದು ಹೇಳಬೇಕು. ಮನೆಯವರು ಹಲ್ಲು ಕಚ್ಚಿಕೊಂಡು, ನಗುನಗುತ್ತ, ಕೊನೆಯವರೆಗೆ ನೋಡಿಕೊಳ್ಳಬೇಕು. ಅವಳ ಅಪ್ಪನನ್ನು ಹಾಗೇ ಕಳಿಸಿಕೊಟ್ಟಿದ್ದರು. ಪಾಪ, ಮುಂದಿನ ವರ್ಷದ ಬಿತ್ತನೆಯ ಮಾತಾಡುತ್ತಲೇ ಕಣ್ಣು ಮುಚ್ಚಿದ್ದ. ಈ ಮಹಾನುಭಾವರು ನೋಡಿದರೆ ಹೆಂಡತಿಯನ್ನು ಬಿಟ್ಟು ನೇರ ತೊಕುಜಿಗೇ ಹೇಳಿ ಅವನ ಜೀವ ಹಿಂಡಿದ್ದರು.

ಹೋಗಲಿ, ಅವನಾಗಿ ಬಾಯಿ ಬಿಡುವವರೆಗೆ ತಾನೂ ಏನೂ ಅರಿಯದವಳಂತೆ ಇದ್ದುಬಿಡುವುದೆಂದು ನಿಶ್ಚಯಿಸಿದ್ದಳು. ಆದರೆ ಗಂಡ ಅಂಗಡಿಯಲ್ಲಿ ನಿಂತು ತನ್ನ ಆಯಸ್ಸನ್ನು ತಾನೇ ಅಳೆಯುವುದನ್ನು ಕಣ್ಣಾರೆ ನೋಡಲು ಅವಳಿಂದಾಗಲಿಲ್ಲ.

“ರೀ, ಆ ಒಳ್ಳೇದನ್ನ ತಗೊಳ್ಳಿ.”

“ಬೇಡ ಕಣೆ.”

“ಇಪ್ಪತ್ತು ವರ್ಷ ಬರತ್ತಂತೆ. ಇಪ್ಪತ್ತು ವರ್ಷವೂ ಸೌದೆ ಬೇಕು ನಮ್ಗೆ. ನೀವು ಕೊಯ್ದು ಹಾಕಿ, ನಾನು ಒಟ್ಟಿ ಇಡ್ತೀನಿ.”

ಅಕ್ಕಿ ಡಬ್ಬದ ತಳದಲ್ಲಿ ಅವನಿಗೆ ತಿಳಿಯದಂತೆ ಕೂಡಿಟ್ಟಿದ್ದ ನೋಟುಗಳನ್ನು ಬರುವಾಗಲೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ತೆಗೆದು ಮೇಜಿನ ಮೇಲಿಟ್ಟಳು.

“ಅಬ್ಬಬ್ಬಾ, ಅತ್ತಿಗೆ ಗಂಟು ಬಿಚ್ಚಿದ್ರು ಅಂದ್ರೆ ಇವತ್ತೇ ಹಿಮ ಬೀಳತ್ತೆ!” ಎಂದ ಹಿರಾಯಾಮ.

ತೊಕುಜಿ ನೋಟುಗಳನ್ನು ನೋಡಿದ. ಅವಳ ಮುಖ ನೋಡಿದ. ಬೇಡವೆನ್ನಲು ಬಾಯಿ ತೆರೆದವನು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸತೊಡಗಿದ. ಎಷ್ಟೋ ಹೊತ್ತು ಒರೆಸಿದ. ಕೊನೆಗೆ ದುಬಾರಿ ಗರಗಸವೇ ಗಾಡಿ ಏರಿತು.

ಗಾಡಿ ಬೆಟ್ಟದ ಅರ್ಧ ದಾರಿ ಏರಿತ್ತು. ಒಂದು ತಿರುವಿನಲ್ಲಿ ಅವನು ಒಂದು ಕೈಯಿಂದ ಕಂಬಳಿ ಎಳೆದು ಅವಳ ಮೊಣಕಾಲಿಗೆ ಹೊದಿಸಿದ. ಮದುವೆಯಾದಂದಿನಿಂದ ಮಾಡದ ಕೆಲಸ. ಮಿನೆಗೆ ತಡೆಯಲಾಗಲಿಲ್ಲ.

“ಸಾಕು ಮುಚ್ಚಿಟ್ಟಿದ್ದು. ಡಾಕ್ಟರು ನಿಮ್ಮ ಹತ್ರ ಏನಂದ್ರು ಅಂತ ನಂಗೆ ಗೊತ್ತು.”

ಗಾಡಿ ಗಕ್ಕನೆ ನಿಂತಿತು. ತೊಕುಜಿ ಅವಳ ಕಡೆ ತಿರುಗಿದ.

“ಯಾರು ಹೇಳಿದ್ರು? ನಿನ್ನ ಕಿವಿಗೆ ಬೀಳಬಾರದು ಅಂತ ಅವರ ಮುಂದೆ ನೆಲಕ್ಕೆ ಹಣೆ ಹಚ್ಚಿ ಬೇಡ್ಕೊಂಡಿದ್ದೆ...”

“ಯಾರೋ ಹೇಳಿದ್ರು ಬಿಡಿ. ಎರಡು ಚಳಿಗಾಲ ಅಷ್ಟೇನಾ?”

“ಅದೂ ಕಷ್ಟ ಅಂದ್ರು ಕಣೆ” ಎಂದವನೇ ತೊಕುಜಿ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತುಬಿಟ್ಟ.

ಅವಳು ಅಳಲಿಲ್ಲ. ತನ್ನ ಅಳುವಿಗೆ ಮುಂದೆ ಬೇಕಾದಷ್ಟು ವರ್ಷಗಳಿವೆ ಅಂದುಕೊಂಡು ಅವನ ಬೆನ್ನು ಸವರಿದಳು.

“ಹೆದರ್ಕೋಬೇಡಿ. ನಾನಿದೀನಲ್ಲ. ಕಾಯಿಲೆ ಎಷ್ಟೇ ಜೋರಾಗಲಿ, ಕೊನೇ ದಿನದವರೆಗೂ ನಿಮ್ಮನ್ನ ನಾನು ನೋಡ್ಕೋತೀನಿ.”

ಅಳು ಥಟ್ಟನೆ ನಿಂತಿತು. ತೊಕುಜಿ ನಿಧಾನವಾಗಿ ಕೈ ತೆಗೆದು ಅವಳನ್ನೇ ದಿಟ್ಟಿಸಿದ.

“ನನ್ನನ್ನಾ?” ಎಂದ.